ಹೆಸರಿಲ್ಲದ ಪ್ರಶ್ನೆಗೆ ಗ್ರಂಥಾಲಯದ ಉತ್ತರ



ಗ್ರಂಥಾಲಯಗಳ ವಿಷಯವಾಗಿ ವರ್ಷಕ್ಕೊಂದು ಉಪನ್ಯಾಸ ನಡೆಯತಕ್ಕದ್ದೆಂಬ ಸಂಕಲ್ಪದಿಂದ ಏರ್ಪಟ್ಟಿರುವ ಈ ವೇದಿಕೆಯಿಂದ, ಗ್ರಂಥ ವರ್ಗೀಕರಣ, ಹಸ್ತಪ್ರತಿಗಳ ಸಂರಕ್ಷಣೆ ಮೊದಲಾದ ಘನವಾದ ವಿಷಯಗಳನ್ನು ನನಗಿಂತ ಹಿರಿಯರಾದ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ನಾನು ಆರಿಸಿಕೊಂಡಿರುವುದು ನೋಟಕ್ಕೆ ಅತ್ಯಲ್ಪವೆಂದು ತೋರಬಹುದಾದ ಒಂದು ಸಂಗತಿ. ತನ್ನ ಹೆಸರನ್ನು ಹೇಳಲಿಚ್ಛಿಸದ ವಿದ್ಯಾರ್ಥಿಯೊಬ್ಬನು ಒಂದು ಚೀಟಿಯ ಮೇಲೆ ಪ್ರಶ್ನೆಯನ್ನು ಬರೆದಿಟ್ಟು ಹೋದರೆ, ವಿಶ್ವವಿದ್ಯಾನಿಲಯದ ಗ್ರಂಥಾಲಯವು ಅದಕ್ಕೆ ಉತ್ತರ ಕೊಡಬೇಕೆ, ಕೊಡುವುದಾದರೆ ಹೇಗೆ ಕೊಡಬೇಕು ಎಂಬುದೇ ಆ ಸಂಗತಿ.

ಇದು ಕೇವಲ ಕಲ್ಪನೆಯಲ್ಲ. ಜೆಸ್ಯೂಟ್ ಪಾದ್ರಿಗಳು 1863ರಲ್ಲಿ ಸ್ಥಾಪಿಸಿದ ಬಾಸ್ಟನ್ ಕಾಲೇಜು, ಹೆಸರಿಗೆ ಕಾಲೇಜಾದರೂ ವಾಸ್ತವವಾಗಿ ವಿಶ್ವವಿದ್ಯಾನಿಲಯವೇ ಆಗಿದ್ದು, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಚೆಸ್ಟ್‌ನಟ್ ಹಿಲ್ ಎಂಬಲ್ಲಿ ನೆಲಸಿದೆ. ಆ ಕಾಲೇಜಿನಲ್ಲೇ ಓದಿ 1936ರಲ್ಲಿ ಪದವಿ ಪಡೆದು, ಮುಂದೆ ಅಮೆರಿಕದ ಪ್ರತಿನಿಧಿ ಸಭೆಯ ಅಧ್ಯಕ್ಷರಾದ ಥಾಮಸ್ ಓನೀಲ್ ಅವರ ಹೆಸರನ್ನು ಹೊತ್ತ ಗ್ರಂಥಾಲಯವು ಅಲ್ಲಿ 1984ರಲ್ಲಿ ತೆರೆಯಿತು. ಅದರಲ್ಲಿ ಕಳೆದ ದಶಕದಿಂದೀಚೆಗೆ 'ಉತ್ತರದ ಗೋಡೆ' ಎಂಬ ಒಂದು ಏರ್ಪಾಡು ನಡೆದುಬಂದಿದೆ. ವಿದ್ಯಾರ್ಥಿಗಳು ತಮ್ಮ ಪ್ರಶ್ನೆಯನ್ನು ಒಂದು ಸಣ್ಣ ಚೀಟಿಯ ಮೇಲೆ ಕೈಬರಹದಲ್ಲಿ ಬರೆದು ಅಂಟಿಸಿ ಹೋಗುತ್ತಾರೆ. ಹೆಸರಿಲ್ಲ, ತರಗತಿಯಿಲ್ಲ, ಕ್ರಮಸಂಖ್ಯೆಯಿಲ್ಲ. ಗ್ರಂಥಾಲಯದವರು ಆ ಚೀಟಿಗಳನ್ನು ಓದಿ, ವಿಚಾರಮಾಡಿ, ಉತ್ತರವನ್ನು ಪ್ರಶ್ನೆಯ ಜೊತೆಯಲ್ಲೇ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಉತ್ತರ ಬರೆದವರು ಯಾರೆಂಬುದನ್ನೂ ಅಲ್ಲಿ ಹೇಳುವುದಿಲ್ಲ. ಗೋಡೆಯೇ ಮಾತನಾಡುತ್ತಿರುವಂತೆ ಬರೆಯುವುದು ಅಲ್ಲಿಯ ಸಂಪ್ರದಾಯ. ಪರೀಕ್ಷೆ, ಪ್ರೇಮ, ಏಕಾಂಗಿತನ, ಕೊಠಡಿಯ ಜೊತೆಗಾರರೊಡನೆ ಬರುವ ಮನಸ್ತಾಪ, ದೇವರ ಅಸ್ತಿತ್ವ, ಊಟತಿಂಡಿ, ಹೀಗೆ ಇಪ್ಪತ್ತು ವರ್ಷದ ವಯಸ್ಸಿನಲ್ಲಿ ಮನುಷ್ಯನ ಮನಸ್ಸಿಗೆ ಏನೇನು ಹೊಳೆಯಬಹುದೋ ಅದೆಲ್ಲವೂ ಅಲ್ಲಿಗೆ ಬರುತ್ತದೆ. ಉತ್ತರಗಳಲ್ಲಿ ಸ್ನೇಹವುಂಟು, ಲಘುವಾದ ವಿನೋದವುಂಟು. ಅದಕ್ಕಿಂತ ಹೆಚ್ಚಾಗಿ, ಇನ್ನೂ ತಿಳಿಯಬೇಕಾದರೆ ಇಂಥ ಪುಸ್ತಕ ನೋಡು, ಅದು ಇಂಥ ಕಪಾಟಿನಲ್ಲಿದೆ ಎಂಬ ನಿರ್ದೇಶವುಂಟು. ಈ ಕೊನೆಯ ಗುಣವೇ ಆ ಗೋಡೆಯನ್ನು ಊರಮುಂದಿನ ಹರಟೆಯ ಕಟ್ಟೆಯಿಂದ ಪ್ರತ್ಯೇಕಿಸಿ, ಅದಕ್ಕೆ ಗ್ರಂಥಾಲಯದ ಅಂಗವೆಂಬ ಪದವಿಯನ್ನು ದೊರಕಿಸಿದೆಯೆಂದು ನಾನು ಭಾವಿಸುತ್ತೇನೆ.

ಕೇಳಿದವರು ಯಾರೆಂದು ವಿಚಾರಿಸದೆ ಉತ್ತರ ಕೊಡುವ ಪದ್ಧತಿಗೆ ಮೂರು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಲಂಡನ್ನಿನ ಪುಸ್ತಕ ವ್ಯಾಪಾರಿಯಾದ ಜಾನ್ ಡಂಟನ್ ಎಂಬವನು 1691ರಲ್ಲಿ ಆರಂಭಿಸಿ, 'ಅಥೀನಿಯನ್ ಮರ್ಕ್ಯುರಿ' ಎಂಬ ಹೆಸರಿನಿಂದ ಪ್ರಸಿದ್ಧವಾದ ಪತ್ರಿಕೆಯಲ್ಲಿ ಇದ್ದದ್ದು ಮುಖ್ಯವಾಗಿ ಓದುಗರ ಪ್ರಶ್ನೆಗಳು, ಅವಕ್ಕೆ ಉತ್ತರಗಳು. ಪ್ರಶ್ನೆಗಳನ್ನು ಸ್ಮಿತ್ ಎಂಬವನ ಕಾಫಿ ಮನೆಗೆ ಕಳುಹಿಸಬೇಕಾಗಿತ್ತು. ಕಳುಹಿಸಿದವರ ಹೆಸರು ಬೇಕಾಗಿರಲಿಲ್ಲ. ರಿಚರ್ಡ್ ಸಾಲ್ಟ್ ಎಂಬ ಗಣಿತಜ್ಞ, ಮೆಥಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿಯ ತಂದೆಯಾದ ಸ್ಯಾಮ್ಯುಅಲ್ ವೆಸ್ಲಿ ಎಂಬ ಪಾದ್ರಿ, ಇಂಥವರು ಉತ್ತರಗಳನ್ನು ಸಿದ್ಧಪಡಿಸುತ್ತಿದ್ದರು. ಶರೀರಶಾಸ್ತ್ರದ ಪಕ್ಕದಲ್ಲಿ ದಾಂಪತ್ಯದ ಸಂಕಟ, ವೇದಾಂತದ ಪಕ್ಕದಲ್ಲಿ ಭೌತವಿಜ್ಞಾನ, ಹೀಗೆ ಸಂಮಿಶ್ರವಾಗಿ ಬಂದ ಆ ಪ್ರಶ್ನೆಗಳನ್ನು ನೋಡಿದರೆ ಮನುಷ್ಯನ ಜಿಜ್ಞಾಸೆಯು ವಿಶ್ವವಿದ್ಯಾನಿಲಯದ ವಿಭಾಗಗಳ ಗೋಡೆಗಳನ್ನು ಮಾನ್ಯಮಾಡುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಆ ಪತ್ರಿಕೆ 1697ರಲ್ಲಿ ನಿಂತುಹೋಯಿತು.

ಗ್ರಂಥಾಲಯಗಳ ಮಟ್ಟಿಗೆ ಹೇಳುವುದಾದರೆ, ಈ ವಿಚಾರದ ಬೀಜವನ್ನು ಬಿತ್ತಿದ ಮಹನೀಯನು ಅದೇ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಸ್ಯಾಮ್ಯುಅಲ್ ಗ್ರೀನ್. ಅಮೆರಿಕದ ಗ್ರಂಥಾಲಯ ಸಂಘವು ಜನ್ಮತಾಳಿದ 1876ರ ಫಿಲಡೆಲ್ಫಿಯಾ ಸಮ್ಮೇಳನದಲ್ಲಿ ಆತನು ಗ್ರಂಥಪಾಲಕನಿಗೂ ವಾಚಕನಿಗೂ ಇರಬೇಕಾದ ವೈಯಕ್ತಿಕ ಬಾಂಧವ್ಯವನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದನು. ಅಂಗಡಿಗೆ ಬಂದ ಗಿರಾಕಿ ಏನನ್ನೂ ಕೊಳ್ಳದೆ ಹಿಂದಿರುಗುವುದನ್ನು ವರ್ತಕನು ಹೇಗೆ ಸಹಿಸಲಾರನೋ, ಪ್ರಶ್ನೆಯನ್ನು ಹೊತ್ತು ಬಂದವನು ಉತ್ತರವಿಲ್ಲದೆ ಹೊರಟುಹೋಗುವುದನ್ನು ಗ್ರಂಥಪಾಲಕನೂ ಹಾಗೆಯೇ ಸಹಿಸಬಾರದೆಂಬ ಆತನ ಮಾತು ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅದೇ ಪ್ರಬಂಧದ ಮತ್ತೊಂದು ಅಭಿಪ್ರಾಯ. ದೊಡ್ಡ ಅಂತಸ್ತಿಲ್ಲದ ವಿನಯಶೀಲರೂ, ಒಳ್ಳೆಯ ಶಿಕ್ಷಣದಲ್ಲಿ ಬೆಳೆದ ಹುಡುಗ ಹುಡುಗಿಯರೂ ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವಂತಾಗಬೇಕಾದರೆ ಮೊದಲು ಅವರಿಗೆ ಧೈರ್ಯ ತುಂಬಬೇಕಾಗುತ್ತದೆ ಎಂದು ಆತನು ಅಂದೇ ಹೇಳಿದ್ದನು. ಸಂಕೋಚವು ವಾಚಕನ ದೋಷವೆಂದು ಆತನು ಎಣಿಸಲಿಲ್ಲ. ಅದನ್ನು ಹೋಗಲಾಡಿಸುವ ಹೊಣೆಯನ್ನು ಗ್ರಂಥಾಲಯದ ಮೇಲೆ ಹೊರಿಸಿದನು.

ಈ ಸಂಕೋಚ ಎಷ್ಟು ವ್ಯಾಪಕವಾದದ್ದೆಂಬುದು ನೂರಾಹತ್ತು ವರ್ಷಗಳ ಅನಂತರ ಇನ್ನಷ್ಟು ಖಚಿತವಾಗಿ ತಿಳಿದುಬಂದಿತು. ಕಾನ್‌ಸ್ಟನ್ಸ್ ಮೆಲನ್ ಎಂಬ ವಿದುಷಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ದಕ್ಷಿಣ ಭಾಗದ ವಿಶ್ವವಿದ್ಯಾನಿಲಯವೊಂದರ 6000 ವಿದ್ಯಾರ್ಥಿಗಳ ಬರಹಗಳನ್ನು ಎರಡು ವರ್ಷಕಾಲ ಪರಿಶೀಲಿಸಿದಾಗ, ಅವರಲ್ಲಿ ನೂರಕ್ಕೆ 75ರಿಂದ 85 ಮಂದಿ ಗ್ರಂಥಾಲಯದ ವಿಷಯದಲ್ಲಿ ತಮಗುಂಟಾದ ಮೊದಲ ಅನುಭವವನ್ನು ಭಯದ ಭಾಷೆಯಲ್ಲಿಯೇ ವರ್ಣಿಸಿದ್ದರೆಂದು ಕಂಡುಬಂದಿತು. ಉಳಿದವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೇ ಗೊತ್ತಿಲ್ಲ, ಗೊತ್ತಿಲ್ಲದಿರುವುದು ನಾಚಿಕೆಗೇಡು, ಬಾಯಿ ತೆರೆದು ಕೇಳಿದರೆ ಆ ನಾಚಿಕೆಗೇಡು ಬಯಲಾಗುತ್ತದೆ, ಆದಕಾರಣ ಸುಮ್ಮನಿರುವುದೇ ಕ್ಷೇಮ. ಆ ಭಯದ ತರ್ಕ ಇಷ್ಟು.

ನಮ್ಮ ವಿದ್ಯಾರ್ಥಿಯ ಸಂಕೋಚವಂತೂ ಇದಕ್ಕಿಂತ ಒಂದು ಪದರ ಹೆಚ್ಚಿನದು. ಗ್ರಂಥಾಲಯದ ಉದ್ಯೋಗದಲ್ಲಿ ಆಯುಷ್ಯವನ್ನು ಕಳೆದ ನಾನು ಪದೇ ಪದೇ ಕಂಡ ಒಂದು ದೃಶ್ಯವನ್ನು ತಮ್ಮ ಮುಂದಿಡುತ್ತೇನೆ. ಜುಲೈ ಆಗಸ್ಟ್ ತಿಂಗಳಲ್ಲಿ ಹಳ್ಳಿಯಿಂದ ಹೊಸದಾಗಿ ಬಂದು ಎಂ.ಎ. ತರಗತಿಗೆ ಸೇರಿದ ಹುಡುಗನು ಕ್ಯಾಟಲಾಗಿನ ಮುಂದೆ ನಿಂತು ಒಂದು ಡ್ರಾಯರನ್ನು ಎಳೆಯುತ್ತಾನೆ; ನಾಲ್ಕು ಕಾರ್ಡುಗಳನ್ನು ಮಗುಚುತ್ತಾನೆ; ಮತ್ತೆ ಮುಚ್ಚುತ್ತಾನೆ. ಎದುರಿಗೆ ಕನ್ನಡಕ ಹಾಕಿಕೊಂಡು ಮೇಜಿನ ಹಿಂದೆ ಕುಳಿತ ಅಧಿಕಾರಿಯ ಕಡೆಗೆ ಒಮ್ಮೆ ನೋಡಿ, ಅವರು ತಲೆಯೆತ್ತುವಷ್ಟರಲ್ಲಿ ದೃಷ್ಟಿಯನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿರುವ ಅಟೆಂಡರನ ಬಳಿಗೆ ಹೋಗಿ, "ಅಣ್ಣಾ, ಭಾಷಾವಿಜ್ಞಾನದ್ದು ಎಲ್ಲಿ ಸಿಗ್ತದೆ?" ಎಂದು ಮೆಲ್ಲನೆ ಕೇಳುತ್ತಾನೆ. ಅವನು ಅಧಿಕಾರಿಯನ್ನು ಬಿಟ್ಟು ಅಟೆಂಡರನನ್ನು ಆರಿಸಿಕೊಂಡದ್ದು ಅವಿವೇಕದಿಂದಲ್ಲ. ಅಲ್ಲಿ ಕನ್ನಡ ಸಾಕು, ಇಲ್ಲಿ ಇಂಗ್ಲಿಷು ಬೇಕಾದೀತು. ಅಲ್ಲಿ ತಪ್ಪಾಗಿ ಕೇಳಿದರೂ ನಡೆದೀತು, ಇಲ್ಲಿ ತಾನು ಇಷ್ಟೂ ತಿಳಿಯದವನೆಂದು ಎಣಿಸಿಯಾರು, ಇದು ಅವನ ಲೆಕ್ಕ. ಭಾಷಾವಿಜ್ಞಾನದ ಕಪಾಟನ್ನು ಅಟೆಂಡರು ತೋರಿಸಬಲ್ಲನು, ಎಷ್ಟೋ ವೇಳೆ ಅಧಿಕಾರಿಗಿಂತ ಬೇಗನೆ ತೋರಿಸಬಲ್ಲನು. ಆದರೆ ಆ ಹುಡುಗನ ಮನಸ್ಸಿನಲ್ಲಿ ಅದರ ಹಿಂದೆ ಇನ್ನೂ ನಾಲ್ಕು ಪ್ರಶ್ನೆಗಳಿರುತ್ತವೆ. ಅವುಗಳನ್ನು ಆತ ಯಾರಲ್ಲಿ ಕೇಳಬೇಕು?

ಹೆಸರಿಲ್ಲದ ಚೀಟಿಯ ಸಾರ್ಥಕ್ಯ ಇರುವುದು ಇಲ್ಲಿ. ಅದು ಪೃಚ್ಛಕನಿಗೆ ಅವನ ಮುಖವನ್ನೂ, ಉಚ್ಚಾರಣೆಯನ್ನೂ, ಜಾತಿ ಊರುಗಳನ್ನು ಸೂಚಿಸುವ ಹೆಸರನ್ನೂ ಬದಿಗಿಟ್ಟು ಬರಿಯ ಜಿಜ್ಞಾಸುವಾಗಿ ನಿಲ್ಲುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಕೇಳಿದವನು ಮೊದಲನೆಯ ದರ್ಜೆಯವನೋ ಕೊನೆಯ ಬೆಂಚಿನವನೋ ಗೊತ್ತಿಲ್ಲದೆ ಹೋದಾಗ, ಉತ್ತರಿಸುವವನು ಎಲ್ಲರಿಗೂ ಸಲ್ಲುವಷ್ಟು ಆದರದಿಂದ ಉತ್ತರಿಸಬೇಕಾಗುತ್ತದೆ. ಇನ್ನೊಂದು ಲಾಭವುಂಟು. ಮೇಜಿನ ಬಳಿ ಕೊಟ್ಟ ಉತ್ತರ ಒಬ್ಬನಿಗೆ ಸಲ್ಲುತ್ತದೆ. ಗೋಡೆಯ ಮೇಲೆ ಬರೆದ ಉತ್ತರವು ಅದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು, ಚೀಟಿಯನ್ನೂ ಬರೆಯಲಾರದೆ ಸುಮ್ಮನೆ ನಿಂತು ಓದಿಹೋಗುವ ಹತ್ತು ಮಂದಿಗೂ ಸಲ್ಲುತ್ತದೆ. ತನ್ನಂಥವರು ಬೇರೆಯವರೂ ಇದ್ದಾರೆಂಬ ತಿಳಿವಳಿಕೆಯೇ, ಮೆಲನ್ ವರ್ಣಿಸಿದ ಆ ಭಯಕ್ಕೆ ಅರ್ಧ ಔಷಧ.

ಪ್ರಶ್ನೆ ಕೇಳುವುದಕ್ಕೆ ಬೇಕಾದ ಧೈರ್ಯದ ವಿಷಯ ನಮ್ಮ ಪ್ರಾಚೀನರಿಗೆ ತಿಳಿಯದ್ದಲ್ಲ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಕೈಯಲ್ಲಿ ಹಿಡಿದು ಪಿಪ್ಪಲಾದನ ಬಳಿಗೆ ಬಂದಾಗ, ಒಂದು ವರ್ಷ ತಪಸ್ಸಿನಿಂದ ಇಲ್ಲಿದ್ದು ಆಮೇಲೆ ಕೇಳಿರಿ, ನಮಗೆ ತಿಳಿದಿದ್ದರೆ ಹೇಳುವೆವು ಎಂದು ಆ ಋಷಿ ಹೇಳುತ್ತಾನೆ. ಅದು ಗುರುಕುಲದ ಮಾರ್ಗ. ಹೆಸರು, ಗೋತ್ರ, ಸಹವಾಸ ಎಲ್ಲವೂ ಬೇಕಾದ ಮಾರ್ಗ. ಬೃಹದಾರಣ್ಯಕದಲ್ಲಿ ಜನಕನ ಸಭೆಯ ನಡುವೆ ಎದ್ದು ಕೇಳಿದ ಗಾರ್ಗಿಗೆ, ಮಿತಿಮೀರಿ ಪ್ರಶ್ನಿಸಿದರೆ ತಲೆ ಉರುಳೀತೆಂದು ಯಾಜ್ಞವಲ್ಕ್ಯನು ಎಚ್ಚರಿಸುತ್ತಾನೆ. ಆಕೆ ಆಗ ಸುಮ್ಮನಾದರೂ, ಸಭೆಯ ಅನುಮತಿ ಪಡೆದು ಮತ್ತೆ ಎದ್ದು ಎರಡು ಪ್ರಶ್ನೆಗಳನ್ನು ಕೇಳುತ್ತಾಳೆ. ಆ ಎರಡನೆಯ ಸಲದ ಏಳುವಿಕೆಯನ್ನು ನಾನು ಅತ್ಯಂತ ಗೌರವದಿಂದ ಸ್ಮರಿಸುತ್ತೇನೆ. ಆದರೆ ಒಂದು ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳೆಲ್ಲರಿಂದಲೂ ಗಾರ್ಗಿಯ ಧೈರ್ಯವನ್ನು ನಿರೀಕ್ಷಿಸಿ ಕೂರುವುದು ನ್ಯಾಯವಲ್ಲ.

ಇನ್ನು ಉತ್ತರಿಸುವ ರೀತಿಯನ್ನು ಕುರಿತು. ಅಮೆರಿಕದ ರಾಬರ್ಟ್ ಟೇಲರ್ 1968ರಲ್ಲಿ ಬರೆದ ಲೇಖನವೊಂದರಲ್ಲಿ, ಪ್ರಶ್ನೆಯೆಂಬುದು ಮನಸ್ಸಿನಲ್ಲಿ ನಾಲ್ಕು ಅವಸ್ಥೆಗಳನ್ನು ದಾಟಿಬರುತ್ತದೆಯೆಂದು ವಿವರಿಸಿದನು. ಮೊದಲು ಮಾತಿಗೆ ಸಿಕ್ಕದ ಒಂದು ಅತೃಪ್ತಿ. ಅನಂತರ ಅಸ್ಪಷ್ಟವಾದರೂ ಅರಿವಿಗೆ ಬಂದ ಒಂದು ಸಂದೇಹ. ಆಮೇಲೆ ಸ್ಪಷ್ಟವಾದ ವಾಕ್ಯ. ಕೊನೆಗೆ, ಗ್ರಂಥಾಲಯದಲ್ಲಿ ಏನು ಸಿಕ್ಕೀತೆಂದು ಊಹಿಸಿ ಅದಕ್ಕೆ ತಕ್ಕಂತೆ ತಿದ್ದಿಕೊಂಡ ಪ್ರಶ್ನೆ. ನಮ್ಮ ಕಿವಿಗೆ ಬೀಳುವುದು ಈ ನಾಲ್ಕನೆಯದು. ಎದುರಿಗೆ ಕುಳಿತವರಾದರೆ ನಾಲ್ಕು ಮಾತು ಆಡಿಸಿ, ನಾಲ್ಕನೆಯದರಿಂದ ಮೊದಲನೆಯದಕ್ಕೆ ಹಿಂದಿರುಗಬಹುದು. ಚೀಟಿಯನ್ನು ಮರುಪ್ರಶ್ನಿಸುವುದು ಸಾಧ್ಯವಿಲ್ಲ. ಹೆಸರಿಲ್ಲದ ಪ್ರಶ್ನೆಯ ನಿಜವಾದ ಕಷ್ಟ ಇದೇ. ಇಲ್ಲಿಯೇ ಗ್ರಂಥಪಾಲಕನ ವಿದ್ಯೆ ಪರೀಕ್ಷೆಗೆ ಒಳಗಾಗುವುದು.

'ರಾತ್ರಿ ನಿದ್ದೆ ಬರುವುದಿಲ್ಲ, ಯಾಕೆ?' ಎಂದಿಷ್ಟೇ ಬರೆದ ಒಂದು ಚೀಟಿಯನ್ನು ಕಲ್ಪಿಸಿಕೊಳ್ಳೋಣ. ಬರೆದವಳು ನಿದ್ರೆಯ ಶಾರೀರಿಕ ಸ್ವರೂಪವನ್ನು ಅರಿಯಬಯಸುವ ಜೀವವಿಜ್ಞಾನದ ವಿದ್ಯಾರ್ಥಿನಿಯಾಗಿರಬಹುದು. ಪರೀಕ್ಷೆ ಸಮೀಪಿಸಿ, ಹಾಸ್ಟೆಲಿನ ಗದ್ದಲದಲ್ಲಿ ಎರಡು ಗಂಟೆಯವರೆಗೆ ಎಚ್ಚರವಾಗಿರುವವಳಾಗಿರಬಹುದು. ಮನೆಯಿಂದ ಬಂದ ಯಾವುದೋ ಸುದ್ದಿಯಿಂದ ನೆಮ್ಮದಿ ಕಳೆದುಕೊಂಡವಳಾಗಿರಬಹುದು. ಡ್ಯೂಯಿ ದಶಮಾಂಶ ಪದ್ಧತಿಯಂತೆ ಜೋಡಿಸಿದ ನಮ್ಮ ಗ್ರಂಥಾಲಯಗಳಲ್ಲಿ ನಿದ್ರೆಯೆಂಬ ಒಂದೇ ವಿಷಯವು ಬೇರೆ ಬೇರೆ ಕಪಾಟುಗಳಲ್ಲಿ ಹಂಚಿಹೋಗಿದೆ: ಮನಶ್ಶಾಸ್ತ್ರದಲ್ಲಿ ಕನಸುಗಳ ಜೊತೆಗೆ 154.6ರಲ್ಲಿ, ಶರೀರಕ್ರಿಯಾಶಾಸ್ತ್ರದಲ್ಲಿ 612.821ರಲ್ಲಿ, ಆರೋಗ್ಯರಕ್ಷಣೆಯಲ್ಲಿ ವಿಶ್ರಾಂತಿಯ ಜೊತೆಗೆ 613.79ರಲ್ಲಿ, ವ್ಯಾಧಿಯೆಂಬ ದೃಷ್ಟಿಯಿಂದ 616.8498ರಲ್ಲಿ. ಸಮರ್ಥನಾದ ಉತ್ತರಕಾರನು ಈ ನಾಲ್ಕು ಕಡೆಗೂ ನಡೆದುಹೋಗಿ, ಅಲ್ಲಿ ನಿಜವಾಗಿ ಇರುವ ಪುಸ್ತಕಗಳನ್ನು ತೆರೆದು ನೋಡಿ, ಆಮೇಲೆ ಬರೆಯತಕ್ಕದ್ದು. ಮೊದಲ ವಾಕ್ಯದಲ್ಲಿ ಸಹಾನುಭೂತಿ. ಎರಡು ಮೂರು ವಾಕ್ಯಗಳಲ್ಲಿ ನಿದ್ರೆಗೆ ಭಂಗವುಂಟಾಗುವ ಸಾಮಾನ್ಯ ಕಾರಣಗಳು, ಅಂದರೆ ಹೊತ್ತುಮೀರಿ ಕುಡಿದ ಕಾಫಿ, ಮಲಗುವ ವೇಳೆಯ ಅನಿಯಮ, ಕಣ್ಣ ಮುಂದಿನ ಮೊಬೈಲಿನ ಬೆಳಕು, ಚಿಂತೆ. ಆಮೇಲೆ ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು ಪುಸ್ತಕದ ಹೆಸರು, ಅದರ ವರ್ಗಸಂಖ್ಯೆ, ಎಷ್ಟನೆಯ ಅಂತಸ್ತಿನಲ್ಲಿ ಎಡಕ್ಕೋ ಬಲಕ್ಕೋ ಎಂಬ ವಿವರ. ಕೊನೆಯಲ್ಲಿ, ಹಲವು ವಾರಗಳಿಂದ ಹೀಗಿದ್ದರೆ ವೈದ್ಯರನ್ನು ಕಾಣಬೇಕೆಂದು ಹೇಳಿ, ಆರೋಗ್ಯಕೇಂದ್ರ ತೆರೆದಿರುವ ವೇಳೆಯನ್ನು ಬರೆಯಬೇಕು. ಹೀಗೆ ಬರೆದರೆ ಆ ಮೂವರಲ್ಲಿ ಯಾರು ಬಂದು ಓದಿದರೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಚೀಟಿ ನಾಲ್ಕು ಶಬ್ದಗಳದು. ಉತ್ತರಕ್ಕೆ ಅರ್ಧ ದಿವಸದ ಕೆಲಸ ಹಿಡಿಯುತ್ತದೆ. ಈ ಅರ್ಧ ದಿವಸವನ್ನು ವ್ಯರ್ಥವೆಂದು ಎಣಿಸುವ ಆಡಳಿತಾಧಿಕಾರಿಗಳೊಡನೆ ನನ್ನದು ಸಂಪೂರ್ಣ ಭಿನ್ನಾಭಿಪ್ರಾಯ.

ಪುಸ್ತಕದ ಹೆಸರನ್ನು ಹೇಳದೆ ಬರಿಯ ಉಪದೇಶವನ್ನು ಬರೆದು ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವನ ಹೆಸರು ನಮಗೆ ಬೇಡ. ಉತ್ತರಿಸಿದವನ ಹೆಸರೂ ಅಗತ್ಯವಿಲ್ಲ. ಆದರೆ ಉತ್ತರದ ಆಧಾರ ಮಾತ್ರ ಸ್ಪಷ್ಟವಾಗಿ ಕಾಣಿಸಬೇಕು. ಆಧಾರವಿಲ್ಲದ ಅನಾಮಧೇಯ ಮಾತುಗಳು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲಿರುವ ಯಂತ್ರದ ಮೂಲಕ ಹಗಲಿರುಳೂ ಸುರಿಯುತ್ತಿವೆ. ಅದಕ್ಕೆ ಗ್ರಂಥಾಲಯವೂ ತನ್ನ ಪಾಲನ್ನು ಸೇರಿಸಬೇಕಾದದ್ದಿಲ್ಲ. ತಿಳಿಯದಿದ್ದರೆ ತಿಳಿಯದೆಂದು ಬರೆದು, ತಿಳಿದವರು ಯಾವ ವಿಭಾಗದಲ್ಲಿದ್ದಾರೆಂದು ಸೂಚಿಸುವುದೂ ಒಂದು ಪ್ರಾಮಾಣಿಕ ಉತ್ತರವೇ. ಪಿಪ್ಪಲಾದನೇ ಅದಕ್ಕೆ ಅವಕಾಶವನ್ನಿಟ್ಟುಕೊಂಡಿದ್ದನು.

ಕೆಲವು ಚೀಟಿಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ವ್ಯಕ್ತಿಯೊಬ್ಬನ ಹೆಸರೆತ್ತಿ ನಿಂದಿಸುವಂಥದನ್ನು ಪ್ರಕಟಿಸಲಾಗದು. ಅದರಲ್ಲಿ ನಿಜವಾದ ದೂರು ಇದ್ದರೆ ಅದು ಹೋಗಬೇಕಾದ ಸಮಿತಿ ಯಾವುದೆಂದು ಫಲಕದಲ್ಲಿ ಸಾಮಾನ್ಯವಾಗಿ ತಿಳಿಸಬಹುದು. ಇದಕ್ಕಿಂತ ಗಂಭೀರವಾದದ್ದು ಬದುಕು ಬೇಡವಾಗಿದೆಯೆಂಬ ಧ್ವನಿಯುಳ್ಳ ಚೀಟಿ. ಇಲ್ಲಿ ಅನಾಮಧೇಯತೆಯು ನಮ್ಮ ಕೈಯನ್ನು ಕಟ್ಟಿಹಾಕುತ್ತದೆ. ಹೋಗಿ ಬಾಗಿಲು ತಟ್ಟೋಣವೆಂದರೆ ಯಾರ ಬಾಗಿಲೆಂದು ಗೊತ್ತಿಲ್ಲ. ಅಂಥ ಚೀಟಿಗೆ ಮರುದಿನದವರೆಗೆ ಕಾಯದೆ, ಕಂಡ ಗಳಿಗೆಯಲ್ಲೇ ಉತ್ತರಿಸಬೇಕು. ವಿನೋದದ ಒಂದು ಎಳೆಯೂ ಅದರಲ್ಲಿರಕೂಡದು. ಆಪ್ತಸಮಾಲೋಚಕರು ಯಾವ ಕೊಠಡಿಯಲ್ಲಿ ಎಷ್ಟು ಹೊತ್ತಿಗೆ ಸಿಕ್ಕುತ್ತಾರೆಂದು ತಿಳಿಸಬೇಕು. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿ ಉಳ್ಳ ಟೆಲಿ-ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದೆಂಬುದನ್ನೂ ಹೇಳಬೇಕು. ಬಾಸ್ಟನ್ ಕಾಲೇಜಿನ ಗೋಡೆಯೂ ಇಂಥ ಸಂದರ್ಭದಲ್ಲಿ ವಿದ್ಯಾರ್ಥಿಯನ್ನು ಅಲ್ಲಿಯ ಸಮಾಲೋಚಕರ ಕಡೆಗೆ ಕರೆದೊಯ್ಯುತ್ತದೆ. ಕೈಬರಹವನ್ನು ಹಿಡಿದು ಬರೆದವರನ್ನು ಪತ್ತೆಮಾಡಲು ಹೊರಡುವುದು ಸರಿಯೆ ಎಂಬ ಪ್ರಶ್ನೆ ಆಗ ಏಳುತ್ತದೆ. ವಾಚಕರ ವೈಯಕ್ತಿಕ ವಿಷಯಗಳನ್ನು ಗೋಪ್ಯವಾಗಿಡುವುದು ಗ್ರಂಥಪಾಲಕನ ಬಾಧ್ಯತೆಯೆಂದು ಅಮೆರಿಕದ ಗ್ರಂಥಾಲಯ ಸಂಘದ 1939ರ ನೀತಿಸಂಹಿತೆಯೇ ಸಾರಿದೆ. ಪ್ರಾಣದ ಪ್ರಶ್ನೆಯೊಂದನ್ನು ಬಿಟ್ಟರೆ ಬೇರಾವ ಕಾರಣಕ್ಕೂ ಈ ನಿಯಮವನ್ನು ಮುರಿಯಬಾರದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಒಬ್ಬನನ್ನು ಪತ್ತೆಮಾಡಿದರೆಂಬ ಸುದ್ದಿ ಹಬ್ಬಿದ ದಿನವೇ ಆ ಫಲಕಕ್ಕೆ ಬರುವ ನಿಜವಾದ ಪ್ರಶ್ನೆಗಳು ನಿಂತುಹೋಗುತ್ತವೆ.

ಈ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಇದನ್ನು ಒಪ್ಪುತ್ತಿದ್ದರೆ ಎಂದು ಕೆಲವರು ಕೇಳಬಹುದು. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ ಆ ಮಹಾಪುರುಷರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ದಿವಂಗತರಾದರು. ಆದ್ದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ನಮಗುಂಟು. ವಾಚಕನಿಗೂ ಗ್ರಂಥಕ್ಕೂ ಸಂಬಂಧವನ್ನು ಕಲ್ಪಿಸುವ ಪರಾಮರ್ಶನ ಸೇವೆಯು ವ್ಯಕ್ತಿಯಿಂದ ವ್ಯಕ್ತಿಗೆ, ಮುಖಾಮುಖಿಯಾಗಿ ನಡೆಯಬೇಕಾದ ಸೇವೆಯೆಂದು ಅವರು ಬಲವಾಗಿ ನಂಬಿದ್ದರು. ಮುಖವಿಲ್ಲದ ಚೀಟಿ ಈ ನಂಬಿಕೆಗೆ ವಿರುದ್ಧವೆಂದು ತೋರಬಹುದು. ಆದರೆ ಪ್ರತಿಯೊಬ್ಬ ವಾಚಕನಿಗೂ ಅವನ ಗ್ರಂಥ ದೊರೆಯಬೇಕೆಂಬ ಅವರ ಎರಡನೆಯ ಸೂತ್ರದಲ್ಲಿ 'ಪ್ರತಿಯೊಬ್ಬ' ಎಂಬುದು ಬಾಯಿಬಿಟ್ಟು ಕೇಳಬಲ್ಲವರಿಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. ನಿದ್ದೆಯ ಚೀಟಿಗೆ ಬರೆದ ಉತ್ತರವನ್ನು ಓದಿ 612ರ ಕಪಾಟಿನವರೆಗೆ ನಡೆದು ಬಂದವಳು, ಅಲ್ಲಿ ಪುಸ್ತಕ ಕಾಣದಿದ್ದಾಗ, ಬಹುಶಃ ಮೇಜಿನ ಬಳಿಗೂ ಬಂದು ಕೇಳಿಯಾಳು. ಮುಖಾಮುಖಿಯಾದ ಸೇವೆಗೆ ಚೀಟಿಯು ಪ್ರತಿಸ್ಪರ್ಧಿಯಾಗದೆ ಅದರ ಮೊದಲ ಮೆಟ್ಟಿಲಾಗುವುದು ಹೀಗೆ.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಹಿಂದೆ ತನ್ನ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವುಗಳನ್ನು ಸುಲಭ ಬೆಲೆಯ ಪುಸ್ತಿಕೆಗಳಾಗಿ ಅಚ್ಚುಹಾಕಿಸಿತು. ವಿದ್ಯೆಯ ಬಳಿಗೆ ಬರಲಾರದವರ ಬಳಿಗೆ ವಿದ್ಯೆಯೇ ಹೋಗಬೇಕೆಂಬ ಆ ಕಾಲದ ಉದಾರ ಮನೋಧರ್ಮವು, ವಿದ್ಯಾನಿಲಯದ ಒಳಗೇ ಇದ್ದು ಅದರ ಬಳಿಗೆ ಬರಲು ಅಂಜುವವರ ವಿಷಯದಲ್ಲಿಯೂ ತೋರಬೇಕು.

ಆದುದರಿಂದ ಈ ಸಭೆಯಲ್ಲಿರುವ ಗ್ರಂಥಪಾಲಕರಲ್ಲಿಯೂ ಕುಲಪತಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಗ್ರಂಥಾಲಯದ ಬಾಗಿಲ ಬಳಿ, ಅಧಿಕಾರಿಗಳ ಮೇಜಿಗೆ ಕಾಣದ ಒಂದು ಮೂಲೆಯಲ್ಲಿ, ಒಂದು ಫಲಕವನ್ನೂ ಅದರ ಕೆಳಗೆ ಬಿಳಿಯ ಚೀಟಿಗಳನ್ನೂ ಒಂದು ಪೆನ್ಸಿಲನ್ನೂ ಇಡಿರಿ. ಅದರ ಮೇಲೆ ಕ್ಯಾಮರಾ ತಿರುಗದಂತೆ ನೋಡಿಕೊಳ್ಳಿರಿ. ಕನ್ನಡದಲ್ಲಿ ಬರೆಯಬಹುದು, ತಪ್ಪಿದ್ದರೂ ಚಿಂತೆಯಿಲ್ಲ ಎಂದು ಕನ್ನಡದಲ್ಲೇ ಬರೆದು ತೂಗುಹಾಕಿರಿ. ಓದಿಕೊಂಡವರೂ ಮೃದುಸ್ವಭಾವದವರೂ ಆದ ಒಬ್ಬ ಸಹೋದ್ಯೋಗಿಗೆ ಈ ಕೆಲಸವನ್ನು ವಹಿಸಿ, ಅದಕ್ಕೆ ಬೇಕಾದ ಹೊತ್ತನ್ನು ಅವರ ಬೇರೆ ಕೆಲಸದಿಂದ ಕಳೆದು ಕೊಡಿರಿ. ಎರಡು ದಿನಗಳೊಳಗೆ ಉತ್ತರ ಬರತಕ್ಕದ್ದೆಂಬ ನಿಯಮವಿರಲಿ. ಬರುವ ಜುಲೈಯಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಸೇರುವ ಮೊದಲೇ ಇದು ಸಿದ್ಧವಾಗಿರಲೆಂದು ತಮ್ಮೆಲ್ಲರನ್ನೂ ಪ್ರಾರ್ಥಿಸುತ್ತೇನೆ.